ನೀರು ಕೊಟ್ಟ ಸಮಯ, ಮಲಗಿಸಿದ ಸಮಯ

ನಮ್ಮ ಅಂಗವಿಕಲರ ವಸತಿ ಕೇಂದ್ರದಲ್ಲಿ ಸಂಜೆ ನಾಲ್ಕೂವರೆಗೆ ನೀರಿನ ಕೊನೆಯ ಲೋಟ. ಆಮೇಲೆ ಮರುದಿನ ಬೆಳಿಗ್ಗೆವರೆಗೂ ನೀರು ಕೇಳೋ ಹಾಗಿಲ್ಲ. ರಾಯಚೂರಿನ ಮೇ ತಿಂಗಳು ಕಂಡವರಿಗೆ ಇದಕ್ಕಿಂತ ಜಾಸ್ತಿ ಹೇಳಬೇಕಿಲ್ಲ. ಹೊತ್ತು ಮುಳುಗಿ ಎರಡು ತಾಸಾದರೂ ಗೋಡೆ ಮುಟ್ಟಿದರೆ ರೊಟ್ಟಿ ಹಂಚಿನ ಹಾಗೆ ಕಾದಿರುತ್ತದೆ.

ನೀರು ಯಾಕೆ ಕೊಡುತ್ತಿರಲಿಲ್ಲ ಅಂದರೆ, ಕುಡಿದರೆ ರಾತ್ರಿ ಎದ್ದು ಹೋಗಬೇಕಾಗುತ್ತದೆ, ಕರೆದುಕೊಂಡು ಹೋಗಲು ಯಾರೂ ಇರುವುದಿಲ್ಲ. ಇಷ್ಟೇ. ನಮ್ಮ ಮೇಲೆ ಯಾರಿಗೂ ಹಗೆ ಇರಲಿಲ್ಲ.

ನನಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ. ಎರಡೂ ಕಾಲು ಬಿಗಿ, ಬಲಗೈ ನಡುಗುತ್ತದೆ, ಮಾತು ಸ್ವಲ್ಪ ಎಳೆಯುತ್ತದೆ. ಊರು ಸಿಂಧನೂರಿನ ಹತ್ತಿರದ ಹಳ್ಳಿ. ಪಿಯುಸಿ ಆದ ಮೇಲೆ ಅಪ್ಪ ನನ್ನನ್ನು ರಾಯಚೂರಿನ ಹೊರವಲಯದ ಈ ವಸತಿ ಕೇಂದ್ರಕ್ಕೆ ಸೇರಿಸಿದರು. ಅದರ ಹೆಸರು ಬೇಡ. ಹೆಣ್ಣುಮಕ್ಕಳ ಕಡೆ ಹದಿನಾಲ್ಕು ಜನ ಇದ್ದೆವು, ಅದರಲ್ಲಿ ಏಳು ಜನ ವೀಲ್‌ಚೇರಿನವರು. ಒಬ್ಬರನ್ನೊಬ್ಬರು ಊರ ಹೆಸರಿಂದ ಕರೆಯುತ್ತಿದ್ದೆವು. ಮಸ್ಕಿ, ಮಾನ್ವಿ, ದೇವದುರ್ಗ, ಹೀಗೆ.

ಆರೂವರೆ ಒಳಗೆ ನಮ್ಮನ್ನೆಲ್ಲ ಮಂಚಕ್ಕೆ ಎತ್ತಿ ಹಾಕಿ, ವೀಲ್‌ಚೇರ್‌ಗಳನ್ನು ಸ್ಟೋರ್ ರೂಮಿಗೆ ತಳ್ಳಿ ಬೀಗ ಹಾಕುತ್ತಿದ್ದರು. ಕಳುವಾಗಬಾರದಂತೆ. ಹೊರಗೆ ಇನ್ನೂ ಬೆಳಕಿರುತ್ತಿತ್ತು. ಕಾಂಪೌಂಡಿನ ಆಚೆ ಹುಡುಗರು ಕ್ರಿಕೆಟ್ ಆಡೋ ಸದ್ದು ಕೇಳುತ್ತಿತ್ತು. ನನಗೆ ಆಗ ಹತ್ತೊಂಬತ್ತು ವರ್ಷ. ಬೆಳಿಗ್ಗೆ ಏಳಕ್ಕೆ ಕುರ್ಚಿ ವಾಪಸ್ ಬರೋ ತನಕ ಫ್ಯಾನು ನೋಡುತ್ತಾ ಬಿದ್ದಿರಬೇಕು. ಕರೆಂಟ್ ಹೋದರೆ ಅದೂ ಇಲ್ಲ. ಮಸ್ಕಿಗೆ ಬೆನ್ನುಹುರಿಗೆ ಪೆಟ್ಟಾಗಿತ್ತು. ನೀರು ಜಾಸ್ತಿ ಕುಡಿಯಲೇಬೇಕು ಅಂತ ಡಾಕ್ಟರ್ ಹೇಳಿದ್ದರು. ಆ ಬೇಸಿಗೆಯಲ್ಲಿ ಅವಳಿಗೆ ಎರಡು ಸಲ ಉರಿಮೂತ್ರ ಆಗಿ ಚಳಿಜ್ವರ ಬಂತು.

ನನ್ನ ಮೊದಲ ಜಗಳ ಪೂರ್ತಿ ಕೆಟ್ಟಿತು. ಅದನ್ನೂ ಹೇಳಿಬಿಡುತ್ತೇನೆ. ಕೇಂದ್ರದಲ್ಲಿ ತಿಂಗಳಿಗೆ ಮೂರ್ನಾಲ್ಕು ಹುಟ್ಟುಹಬ್ಬ ಆಗುತ್ತಿದ್ದವು, ನಮ್ಮದಲ್ಲ. ಊರಿನ ದೊಡ್ಡ ಮನೆಯವರು ಮಕ್ಕಳನ್ನು ಕರೆತಂದು ಕೇಕು, ಬಾಳೆಹಣ್ಣು ಹಂಚಿ ಫೋಟೊ ತೆಗೆಸಿಕೊಂಡು ಹೋಗುತ್ತಿದ್ದರು. ಅಂಥ ಒಂದು ದಿನ ನಾನು ಎಲ್ಲರ ಎದುರಿಗೆ ಕೂಗಿ ಹೇಳಿಬಿಟ್ಟೆ, "ಬಾಳೆಹಣ್ಣು ಬ್ಯಾಡ್ರಿ, ರಾತ್ರಿ ಕುಡಿಯಾಕ ನೀರು ಕೊಡಸ್ರಿ" ಅಂತ. ಸಿಟ್ಟು ಬಂದಾಗ ನನ್ನ ಮಾತು ಇನ್ನೂ ಎಳೆಯುತ್ತದೆ. ಅವರಿಗೆ ಅರ್ಥವಾಗಿದ್ದು "ನೀರು" ಅನ್ನೋದೊಂದೇ. ಪಾಪ, ಯಾರೋ ಒಬ್ಬರು ತಕ್ಷಣ ಒಂದು ಬಾಟಲಿ ನೀರು ತಂದುಕೊಟ್ಟರು. ಮರುದಿನ ನಮ್ಮ ಮೊಬೈಲ್‌ಗಳನ್ನು ತೆಗೆದಿಟ್ಟುಕೊಂಡರು. ಅಪ್ಪನಿಗೆ ಫೋನ್ ಹೋಯಿತು: ನಿಮ್ಮ ಹುಡುಗಿ ಹೊಂದಿಕೊಂಡು ಹೋಗುತ್ತಿಲ್ಲ, ಕರಕೊಂಡು ಹೋಗಿ. ಅಪ್ಪ ಬಂದು ವಾರ್ಡನ್ ಮುಂದೆ ಕೈ ಮುಗಿದು ನಿಂತರು. ನನ್ನ ಕಡೆ ತಿರುಗಿ ಒಂದೇ ಮಾತು ಹೇಳಿದ್ದು, "ಸುಮ್ಕಿರವ್ವಾ." ಮನೆಯಲ್ಲಿ ಅವ್ವನಿಗೆ ಬೆನ್ನುನೋವು, ನನ್ನನ್ನು ಎತ್ತೋರಿಲ್ಲ. ಅಪ್ಪನ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಾಚಿಕೆ ಆಯಿತು.

ದಾರಿ ತೋರಿಸಿದ್ದು ನಮ್ಮ ಪಂಚಾಯಿತಿಯ ವಿಆರ್‌ಡಬ್ಲ್ಯು ಅಣ್ಣ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತ ಅಂತಾರಲ್ಲ, ಅವರು. ಅವರಿಗೂ ಒಂದು ಕಾಲಿಲ್ಲ. ಮಸ್ಕಿ ದಿಂಬಿನ ಕವರಿನೊಳಗೆ ಒಂದು ಹಳೇ ಕೀಪ್ಯಾಡ್ ಫೋನ್ ಉಳಿಸಿಕೊಂಡಿದ್ದಳು. ಅದರಲ್ಲಿ ಅವರಿಗೆ ಫೋನ್ ಮಾಡಿ ಅತ್ತೆ. ಅವರು ಕೇಳಿಸಿಕೊಂಡು, "ಅಳೂದು ಆಮ್ಯಾಗ. ಎಷ್ಟು ಗಂಟೆಗೆ ನೀರು ಕೊಟ್ರು, ನಿನ್ನಿ?" ಅಂದರು. ನಿನ್ನೆಯದು ನೆನಪಿತ್ತು. ಮೊನ್ನೆಯದು ಗೊತ್ತಿರಲಿಲ್ಲ. "ಬರದಿಡ್ರಿ ಹಂಗಾರ" ಅಂದರು.

ಇನ್ನೂರು ಪುಟದ ನೋಟ್‌ಬುಕ್. ಉದ್ದಕ್ಕೆ ಗೆರೆ ಎಳೆದು ಐದು ಕಾಲಂ: ಕೊನೆಯ ನೀರು ಕೊಟ್ಟ ಸಮಯ, ಮಲಗಿಸಿದ ಸಮಯ, ಕುರ್ಚಿ ಬೀಗದೊಳಗೆ ಹೋದ ಸಮಯ, ಕುರ್ಚಿ ವಾಪಸ್ ಬಂದ ಸಮಯ, ಆ ದಿನ ಎಷ್ಟು ಜನ ಆಯಾ ಇದ್ದರು. ನನ್ನ ಕೈ ನಡುಗುವುದರಿಂದ ಬರೆದವಳು ಮಸ್ಕಿ. ಮಾನ್ವಿಗೆ ಮಾತು ಬರುವುದಿಲ್ಲ, ಆದರೆ ಕೈಗಡಿಯಾರ ಇತ್ತು. ಸ್ಟೋರ್ ರೂಮಿನ ಬೀಗದ ಸದ್ದು ಕೇಳಿದ ಕೂಡಲೇ ಗಡಿಯಾರ ಎತ್ತಿ ಮಸ್ಕಿಯ ಮುಖಕ್ಕೆ ಹಿಡಿಯುತ್ತಿದ್ದಳು. ಮೊದಲ ಹತ್ತು ದಿನ "ಕೆಟ್ಟದಾಗಿ ನಡೆದುಕೊಂಡರು", "ತುಂಬಾ ಬೈದರು" ಅಂತೆಲ್ಲ ಬರೆದೆವು. ಅಣ್ಣ ಅದನ್ನೆಲ್ಲ ಹೊಡೆದು ಹಾಕಿಸಿದರು. ಏನಂತ ಬೈದರು, ಯಾರಿಗೆ, ಎಷ್ಟು ಹೊತ್ತಿಗೆ, ಅದನ್ನು ಬರೆಯಿರಿ ಅಂದರು. ಬೈಗುಳವನ್ನು ಇದ್ದ ಹಾಗೇ ಬರೆಯುವಾಗ ಮಸ್ಕಿ ನಗುತ್ತಿದ್ದಳು. ನನಗೆ ಮಾತ್ರ ಹೊಟ್ಟೆ ಕಿವುಚುತ್ತಿತ್ತು. ಹೀಗೆ ನಲವತ್ತೊಂದು ದಿನ.

ಐದನೇ ಕಾಲಂ ಸುಮ್ನೆ ಇರಲಿ ಅಂತ ಹಾಕಿದ್ದು. ಕೆಲಸಕ್ಕೆ ಬಂದಿದ್ದು ಅದೇ. ನಲವತ್ತೊಂದು ದಿನವೂ ಅಲ್ಲಿ "1" ಅಂತಲೇ ಇತ್ತು. ಹದಿನಾಲ್ಕು ಹುಡುಗಿಯರಿಗೆ ಒಬ್ಬ ಆಯಾ. ಆಕೆಯ ಕೊನೆಯ ಬಸ್ಸು ಆರೂ ಮುಕ್ಕಾಲಿಗೆ. ಅಲ್ಲಿಯವರೆಗೂ ನಾನು ಆಕೆಯನ್ನೇ ಶತ್ರು ಅಂದುಕೊಂಡಿದ್ದೆ. ಒಂದು ಸಂಜೆ ನೋಟ್‌ಬುಕ್ ಆಕೆಯ ಕಣ್ಣಿಗೆ ಬಿತ್ತು. ಆಕೆಗೆ ಓದಲು ಬರುವುದಿಲ್ಲ, ಏನಿದು ಅಂದಳು. ಸುಳ್ಳು ಹೇಳಲು ಮನಸ್ಸಾಗಲಿಲ್ಲ, ಹೇಳಿದೆವು. ನಮ್ಮ ಎದೆ ಡವಡವ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, "ನನ್ ಬಸ್ಸಿನ ಟೈಮೂ ಬರಕೊಳ್ಳವ್ವಾ" ಅಂದು ಹೋದಳು. ಅವತ್ತೇ ನಮ್ಮ ಬೇಡಿಕೆ ಬದಲಾಯಿತು. ಆಯಾಗೆ ಶಿಕ್ಷೆ ಕೊಡಿ ಅನ್ನೋದು ಹೋಗಿ, ರಾತ್ರಿ ಪಾಳಿಗೆ ಇನ್ನೊಬ್ಬರನ್ನು ಹಾಕಿ ಅನ್ನೋದು ಬಂತು.

ಆಮೇಲಿನದು ಕಾಗದದ ಕೆಲಸ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕೋಣ ಅಂತ ನಾನು ಹೇಳಿ ಬರೆಸಿದ್ದು ಮೂರು ಪುಟ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದೊಳಗೆ. ಅತ್ತಿದ್ದು, ಬೇಡಿದ್ದು ಎಲ್ಲ ತೆಗೆದು ಎರಡು ಅರ್ಜಿ ಮಾಡಿದೆವು. ಒಂದರಲ್ಲಿ ಕೇಂದ್ರದ ನೋಂದಣಿ ಪತ್ರ ಮತ್ತು ಅದರ ಜೊತೆ ಕೊಟ್ಟ ಸಿಬ್ಬಂದಿ ಪಟ್ಟಿ, ಇನ್ನೊಂದರಲ್ಲಿ ಕೊನೆಯ ತಪಾಸಣೆಯ ವರದಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ ಇಂಥ ಕೇಂದ್ರ ನಡೆಸಲು ನೋಂದಣಿ ಬೇಕೇ ಬೇಕು. ಹಾಗಾಗಿ ಆ ಕಾಗದ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಒಂದೊಂದು ಅರ್ಜಿಗೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್. ದೇವದುರ್ಗಕ್ಕೆ ಕಣ್ಣು ಮಂದ, ಕಾಲು ಗಟ್ಟಿ. ಕಂಪ್ಯೂಟರ್ ಕ್ಲಾಸಿಗೆ ಅಂತ ಹೊರಗೆ ಹೋಗುತ್ತಿದ್ದವಳು ಅವಳೊಬ್ಬಳೇ. ಪೋಸ್ಟಿಗೆ ಹಾಕಿದ್ದು ಅವಳು. ವಿಳಾಸ ಮಾತ್ರ ಕೇಂದ್ರದ್ದು ಕೊಡಬೇಡಿ, ನಮಗೆ ಬಂದ ಪತ್ರ ನಮಗಿಂತ ಮೊದಲು ಆಫೀಸಿನಲ್ಲಿ ಒಡೆಯುತ್ತಾರೆ. ನಾವು ಅಣ್ಣನ ಮನೆಯದು ಕೊಟ್ಟೆವು.

ಉತ್ತರ 30 ದಿನದೊಳಗೆ ಬಂತು. ಸಿಬ್ಬಂದಿ ಪಟ್ಟಿಯಲ್ಲಿ ಹೆಣ್ಣುಮಕ್ಕಳ ಕಡೆಗೆ ನಾಲ್ಕು ಜನ ಆಯಾ. ನಮ್ಮ ನೋಟ್‌ಬುಕ್ಕಿನಲ್ಲಿ ಒಂದು. ಎರಡೂ ಕಾಗದ ಪಕ್ಕಪಕ್ಕ ಇಟ್ಟಾಗ ನಾವು ವಾದ ಮಾಡೋದೇ ಉಳಿದಿರಲಿಲ್ಲ.

ಅಂಗವಿಕಲರಿಗೆ ಕಾನೂನು ನೆರವು ಪುಕ್ಕಟೆ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಿಂದಲೇ. ಆದಾಯ ಎಷ್ಟಿದ್ದರೂ ಸರಿ. ಕೋರ್ಟಿನ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅಣ್ಣ ನಮ್ಮ ಪರವಾಗಿ ಹೋದರು. ಅಲ್ಲಿ ಸಿಕ್ಕ ವಕೀಲರಮ್ಮ ಎರಡು ಸಾಲು ಓದಿ ತೋರಿಸಿದರು. 2016ರ ಕಾಯ್ದೆಯ 92ನೇ ಸೆಕ್ಷನ್: ತಮ್ಮ ಸುಪರ್ದಿಯಲ್ಲಿರುವ ಅಂಗವಿಕಲರಿಗೆ ಬೇಕಂತಲೇ ಊಟ, ನೀರು ಕೊಡದಿದ್ದರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು. ಅಂಗವಿಕಲರ ಸಾಧನದ ಬಳಕೆಗೆ ಅಡ್ಡಿ ಮಾಡೋದೂ ಅದೇ ಸೆಕ್ಷನ್ನಿನಲ್ಲಿದೆ. ಅಂದರೆ ನಮ್ಮ ಲೋಟ, ನಮ್ಮ ಕುರ್ಚಿ, ಎರಡೂ ಕಾನೂನಿನಲ್ಲಿ ಮೊದಲೇ ಇದ್ದವು! ಕೇಸು ಹಾಕೋಣವಾ ಅಂತ ಅವರು ಕೇಳಿ ಕಳಿಸಿದರು. ನಾವು ಬೇಡ ಅಂದೆವು. ಕೇಂದ್ರ ಮುಚ್ಚಿದರೆ ಹದಿನಾಲ್ಕು ಜನ ಎಲ್ಲಿಗೆ ಹೋಗೋದು? ಅದರ ಬದಲು ಅದೇ ಕಾಯ್ದೆಯ 7ನೇ ಸೆಕ್ಷನ್ ಕೆಳಗೆ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ದೂರು ಕೊಟ್ಟೆವು. ಇದನ್ನು ಯಾರು ಬೇಕಾದರೂ ಕೊಡಬಹುದು, ಅನುಭವಿಸಿದವರೇ ಕೊಡಬೇಕೆಂದಿಲ್ಲ. ಪತ್ರದ ಕೊನೆಗೆ ನಾನು ಹಟ ಮಾಡಿ ಒಂದು ಸಾಲು ಸೇರಿಸಿದೆ: ದಯವಿಟ್ಟು ಸಂಜೆ ಆರೂವರೆ ಮೇಲೆ ಬನ್ನಿ. ಹಗಲು ಹನ್ನೊಂದಕ್ಕೆ ಬಂದವರಿಗೆಲ್ಲ ಗುಡಿಸಿದ ಅಂಗಳ, ಬಾಚಿದ ತಲೆ ಕಂಡಿದ್ದವು.

ದಂಡಾಧಿಕಾರಿ ಸಾಹೇಬರು ಬಂದಾಗ ಏಳು ಗಂಟೆ ಹತ್ತು ನಿಮಿಷ. ಮಾನ್ವಿ ಗಡಿಯಾರ ತೋರಿಸಿದ್ದರಿಂದ ಗೊತ್ತು. ಸ್ಟೋರ್ ರೂಮಿಗೆ ಬೀಗ, ಕೀಲಿ ವಾರ್ಡನ್ ಮನೆಯಲ್ಲಿ. ಸೆಕೆಗೆ ಸಾಹೇಬರ ಅಂಗಿ ಬೆನ್ನಿಗೆ ಅಂಟಿತ್ತು. ಬ್ಯಾಗಿನಿಂದ ಬಾಟಲಿ ತೆಗೆದು ಮುಚ್ಚಳ ತಿರುವಿದರು. ಆಗ ನಮ್ಮನ್ನು ನೋಡಿದರು. ಏಳು ಮಂಚ, ಏಳು ಜನ, ಎಲ್ಲರ ಕಣ್ಣೂ ಬಾಟಲಿ ಮೇಲೆ. ಕುಡಿಯದೆ ಮುಚ್ಚಳ ಹಾಕಿದರು. "ಎಷ್ಟೊತ್ತಿಗೆ ಕುಡಿದಿದ್ದೀರಮ್ಮಾ?" ಅಂತ ಮೆಲ್ಲಗೆ ಕೇಳಿದರು. ಮಸ್ಕಿ ಮಾತಾಡದೆ ನೋಟ್‌ಬುಕ್ ಚಾಚಿದಳು.

ಆಮೇಲೆ ಫೋನಿನಲ್ಲಿ ಓದುತ್ತಾ ಒಂದು ವಿಷಯ ಸಿಕ್ಕಿತು. ಇಂಗ್ಲೆಂಡಿನಲ್ಲಿ ಲೆ ಕೋರ್ಟ್ ಅನ್ನೋ ಕೇಂದ್ರದಲ್ಲಿ ಪಾಲ್ ಹಂಟ್ ಅನ್ನುವವರು ಹರೆಯದಲ್ಲಿ ಹಲವು ವರ್ಷ ಇದ್ದರಂತೆ. ಅಲ್ಲಿಯವರೂ ಎಷ್ಟು ಗಂಟೆಗೆ ಮಲಗಬೇಕು ಅನ್ನೋದಕ್ಕೇ ಆಡಳಿತದವರ ಜೊತೆ ಜಗಳ ಮಾಡಿದ್ದರು. 1972ರಲ್ಲಿ ಹಂಟ್ ಪತ್ರಿಕೆಗೆ ಒಂದು ಪತ್ರ ಬರೆದರು, ಅದರಿಂದ ಅಂಗವಿಕಲರದೇ ಒಂದು ಸಂಘಟನೆ ಹುಟ್ಟಿತು. ಮಸ್ಕಿಗೆ ಹೇಳಿದೆ. "ಅಲ್ಲಿ ಸೆಕಿ ಇರಾಂಗಿಲ್ಲ ಬಿಡು" ಅಂದಳು.

ನಾಲ್ಕು ತಿಂಗಳಲ್ಲಿ ರಾತ್ರಿ ಪಾಳಿಗೆ ಇಬ್ಬರು ಬಂದರು. ಕುರ್ಚಿ ಮಂಚದ ಪಕ್ಕಕ್ಕೆ ಬಂತು. ಪ್ರತಿ ಮಂಚಕ್ಕೂ ಒಂದು ಬೆಲ್ಲು, ಸ್ಟ್ರಾ ಇಟ್ಟ ಒಂದು ಬಾಟಲಿ. ಮಲಗೋ ಸಮಯ ಅವರವರ ಇಷ್ಟ. ಮೊದಲ ರಾತ್ರಿ ನಾವು ಒಂದೂವರೆವರೆಗೂ ಎದ್ದಿದ್ದೆವು, ಮಾಡೋದು ಏನೂ ಇರಲಿಲ್ಲ. ತಿಂಗಳಿಗೊಮ್ಮೆ ನಮ್ಮಲ್ಲಿ ಮೂವರು ಆಡಳಿತದವರ ಜೊತೆ ಕೂತು ಮಾತಾಡುತ್ತೇವೆ. ಎಲ್ಲವೂ ಸಿಹಿಯಾಗಿಲ್ಲ. ಇಬ್ಬರ ಮನೆಯವರು ಹೆದರಿ ಮಕ್ಕಳನ್ನು ಕರಕೊಂಡು ಹೋದರು, ಒಬ್ಬಳ ಸುದ್ದಿಯೇ ಇಲ್ಲ. ಅಪ್ಪ ಐದು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಸಾರು ಈಗಲೂ ನೀರೇ.

ಬಾತ್‌ರೂಮಿನ ಬಾಗಿಲಿಗೆ ಇನ್ನೂ ಒಳಚಿಲಕ ಇಲ್ಲ. ರಿಪೇರಿಗೆ ಅಂತ ಬಂದ ಹಣ ಏನಾಯ್ತು ಅಂತ ಕೇಳಿ ಈ ವಾರ ಮೂರನೇ ಅರ್ಜಿ ಬರೆಯುತ್ತಿದ್ದೇವೆ. ಮಸ್ಕಿ ನಿನ್ನೆ ರಾತ್ರಿ ಎಣಿಸಿದಳು. 172 ಪದ ಆಗಿದೆ, ಇನ್ನೂ 22 ಕಡಿಮೆ ಮಾಡಬೇಕು.