90 ದಿನಕ್ಕೂ ಹೆಚ್ಚು ಗುಟ್ಟಾಗಿಟ್ಟೆ, ಆಮೇಲೆ ಬರೆದೆ

ಮೊಬೈಲ್ ಆ್ಯಪ್‌ಗಳ ಸೆಕ್ಯುರಿಟಿ ಟೆಸ್ಟಿಂಗ್ ನನ್ನ ಕೆಲಸ. ಒಂದು ಭಾನುವಾರ ಅಮ್ಮನ ಆಂಡ್ರಾಯ್ಡ್ ಫೋನನ್ನು ಲ್ಯಾಪ್‌ಟಾಪ್‌ಗೆ ಜೋಡಿಸಿ, ಅದರಲ್ಲಿ ಕಂಪನಿಯವರೇ ಹಾಕಿ ಕೊಟ್ಟಿದ್ದ ಆ್ಯಪ್‌ಗಳನ್ನು ಒಂದೊಂದಾಗಿ ಬಿಚ್ಚಿ ನೋಡ್ತಾ ಕೂತಿದ್ದೆ. ಬ್ಯಾಕಪ್ ಆ್ಯಪಿನ ಮ್ಯಾನಿಫೆಸ್ಟ್ ಫೈಲಿನಲ್ಲಿ (ಆ್ಯಪಿನ ಭಾಗಗಳು, ಅನುಮತಿಗಳ ಪಟ್ಟಿ) ನೋಡಿದರೆ, ಒಂದು ಕಂಟೆಂಟ್ ಪ್ರೊವೈಡರ್, ಅಂದರೆ ಬೇರೆ ಆ್ಯಪ್‌ಗಳಿಗೆ ಮಾಹಿತಿ ಕೊಡುವ ಭಾಗ, ಎಲ್ಲ ಆ್ಯಪ್‌ಗಳಿಗೂ ತೆರೆದುಕೊಂಡಿತ್ತು, ಅದಕ್ಕೆ ಪರ್ಮಿಷನ್ನೇ ಹಾಕಿರಲಿಲ್ಲ. ಬಾಗಿಲಿದೆ, ಚಿಲಕ ಇಲ್ಲ. ಯಾವ ಅನುಮತಿಯನ್ನೂ ಕೇಳದ ಪುಟ್ಟ ಆ್ಯಪ್ ಬರೆದು ಓಡಿಸಿದೆ. ಅಮ್ಮನ ಮೆಸೇಜ್‌ಗಳು ಸಾಲಾಗಿ ಬಂದವು. ಗ್ಯಾಸ್ ಬುಕಿಂಗ್, ಕರೆಂಟ್ ಬಿಲ್, ಎಲ್ಲಕ್ಕಿಂತ ಮೇಲೆ ಬ್ಯಾಂಕಿನ ಒಟಿಪಿ. ಎದೆ ಧಸಕ್ಕೆಂದಿತು.

ಫೋನಿನ ಮಾಡೆಲ್, ಸಾಫ್ಟ್‌ವೇರ್ ಆವೃತ್ತಿ, ನನ್ನ ಕೋಡ್ ಎಲ್ಲ ಸೇರಿಸಿ ಕಂಪನಿಗೆ ಮೇಲ್ ಹಾಕಿದೆ. 90 ದಿನ ಆದಮೇಲೆ ಬಹಿರಂಗವಾಗಿ ಬರೀತೀನಿ ಅಂತಲೂ ತಿಳಿಸಿದೆ. ಸಾಫ್ಟ್‌ವೇರ್ ದೋಷಗಳನ್ನು ಹುಡುಕುವ ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡ ಪಾಲಿಸುವ ಗಡುವು ಅದು. ಮೂರು ವಾರದ ಮೇಲೆ ಉತ್ತರ ಬಂತು: ಯಾರಿಗೂ ಹೇಳಬೇಡಿ, ಹೇಳಿದರೆ ನಮ್ಮ ಗ್ರಾಹಕರಿಗೇ ಅಪಾಯ.

ಅವರ ಮಾತು ಅರ್ಧ ನಿಜ. ಅವತ್ತೇ ಬರೆದಿದ್ದರೆ ರಿಪೇರಿಗಿಂತ ಮೊದಲು ಕಳ್ಳರು ಬರ್ತಿದ್ದರು. ಆದರೆ ನನಗೆ ಒಂದು ಸಂಜೆಯಲ್ಲಿ ಸಿಕ್ಕಿದ್ದು ಇನ್ನೊಬ್ಬರಿಗೆ ಸಿಗಲ್ವಾ? ವ್ಯವಸ್ಥೆ ಹೇಗಿದೆ ಅಂತ ಶತ್ರುವಿಗೆ ಪೂರ್ತಿ ಗೊತ್ತಿದ್ದರೂ ಅದು ಗಟ್ಟಿಯಾಗಿರಬೇಕು, ಗುಟ್ಟಾಗಿರಬೇಕಾದ್ದು ಕೀಲಿ ಮಾತ್ರ ಅಂತ ಗೂಢಲಿಪಿ ತಜ್ಞ ಕೆರ್ಕ್‌ಹಾಫ್ಸ್ 1883ರಲ್ಲೇ ಬರೆದಿದ್ದರು. ಆಂಡ್ರಾಯ್ಡ್ ಫೋನ್‌ಗಳಲ್ಲಿ ಸಿಕ್ಕಿದ 2015ರ ಸ್ಟೇಜ್‌ಫ್ರೈಟ್ ದೋಷವನ್ನೇ ನೋಡಿ. ಅದನ್ನು ಕಂಡುಹಿಡಿದ ಸೆಕ್ಯುರಿಟಿ ಸಂಶೋಧಕ ಜೋಶುವಾ ಡ್ರೇಕ್ ಮೊದಲೇ ಗೂಗಲ್‌ಗೆ ತಿಳಿಸಿ, ಪ್ಯಾಚ್ (ದೋಷ ಸರಿಪಡಿಸುವ ಕೋಡ್) ಕೂಡ ಕೊಟ್ಟಿದ್ದರು. ಆದರೂ ಜುಲೈನಲ್ಲಿ ಸುದ್ದಿಯಾದಾಗ ಹೆಚ್ಚಿನ ಫೋನ್‌ಗಳಿಗೆ ಅದು ತಲುಪಿರಲಿಲ್ಲ. ಮುಂದಿನ ತಿಂಗಳೇ ಗೂಗಲ್ ಪ್ರತಿ ತಿಂಗಳು ಸೆಕ್ಯುರಿಟಿ ಅಪ್‌ಡೇಟ್ ಕೊಡೋದು ಶುರು ಮಾಡಿತು. ಸುಮ್ನೆ ಇದ್ದಿದ್ದರೆ ಅದು ಅಷ್ಟು ಬೇಗ ಆಗ್ತಿರಲಿಲ್ಲ ಅಂತ ನಾನು ನಂಬ್ತೀನಿ.

ಹಾಗಾಗಿ ಗಡುವು ಬಿಡಲಿಲ್ಲ. ಕೊನೆಗೆ ಪ್ಯಾಚ್ ರೆಡಿ ಇದೆ, ಇನ್ನು 14 ದಿನ ಕೊಡಿ ಅಂದರು, ಕೊಟ್ಟೆ. ಕಾಯೋದಕ್ಕೆ ಕಾರಣ ಇದ್ದರೆ ಕಾಯಬೇಕು. ಅಪ್‌ಡೇಟ್ ಬಂದ ರಾತ್ರಿ ಅದನ್ನು ಅಮ್ಮನ ಫೋನಿಗೆ ನಾನೇ ಹಾಕಿ, ನನ್ನ ಅದೇ ಪುಟ್ಟ ಆ್ಯಪ್ ಮತ್ತೆ ಓಡಿಸಿದೆ. ಈ ಸಲ ಮೆಸೇಜ್ ಬರಲಿಲ್ಲ, ‘ಪರ್ಮಿಷನ್ ಡಿನೈಯಲ್’, ಅಂದರೆ ಅನುಮತಿ ಇಲ್ಲ, ಅನ್ನೋ ಸಾಲು ಬಂತು.

ಆದರೆ ಅಪ್‌ಡೇಟಿನ ವಿವರದಲ್ಲಿ ಇದ್ದದ್ದು ‘ಕೆಲವು ಸುಧಾರಣೆಗಳು’ ಅಂತ ಅಷ್ಟೇ. ಅದನ್ನು ಓದಿದ ಯಾರಾದರೂ ‘ಆಮೇಲೆ’ ಅಂತ ಒತ್ತಿ ಫೋನ್ ಪಕ್ಕಕ್ಕಿಡ್ತಾರೆ, ನಾನು ಹಾಕೋ ಮೊದಲು ಅಮ್ಮನೂ ಹಾಗೇ ಮಾಡಿದ್ದರು. ಅದಕ್ಕೇ ಮಾರನೇ ದಿನ ಕೂತು ಎಲ್ಲ ಬರೆದು ಹಾಕಿದೆ, ಯಾವ ಮಾಡೆಲ್, ಏನು ಕಸಿದುಕೊಳ್ಳಬಹುದಿತ್ತು, ಯಾವ ಅಪ್‌ಡೇಟ್ ಹಾಕಿಕೊಳ್ಳಬೇಕು ಅಂತ.