ಅನ್‌ಕಂಫರ್ಟಬಲ್‌ನಲ್ಲಿ ಟೇಬಲ್ ಇಲ್ಲ: ಉದ್ದದ ಇಂಗ್ಲಿಷ್ ಪದ ಬಿಡಿಸುವುದು ಹೇಗೆ?

ಅಕ್ಕನ ಮಗಳು ಏಳನೇ ಕ್ಲಾಸು. ಮೊನ್ನೆ ಪಾಠ ಓದುತ್ತಾ ‘ಅನ್‌ಕಂಫರ್ಟಬಲ್’ ಪದದ ಹತ್ತಿರ ತಡವರಿಸಿದಳು. ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದು ‘ಅನ್-ಕಂಫರ್-ಟೇಬಲ್’ ಎಂದು ಓದಿದಳು. “ಚಿಕ್ಕಮ್ಮಾ, ಇಲ್ಲಿ ಟೇಬಲ್ ಯಾಕೆ ಬಂತು?”

ಒಳ್ಳೆಯ ಪ್ರಶ್ನೆ. ದೊಡ್ಡವರೂ ಎಷ್ಟೋ ಜನ ಹೀಗೇ ಓದುತ್ತಾರೆ. ಇಂಥ ಪದವನ್ನು ಎರಡು ಸಲ ಬಿಡಿಸಬೇಕು. ಒಮ್ಮೆ ಅರ್ಥಕ್ಕಾಗಿ, ಒಮ್ಮೆ ಉಚ್ಚಾರಕ್ಕಾಗಿ.

ಮೊದಲು ಅರ್ಥ. ಮುಂದಿನ ‘ಅನ್’ ಅನ್ನು ಬೆರಳಿನಿಂದ ಮುಚ್ಚಿ. ಉಳಿದದ್ದು ತಾನಾಗಿ ಒಂದು ಪದವಾಗಿ ನಿಂತರೆ, ಮುಚ್ಚಿದ್ದು ಸಾಮಾನ್ಯವಾಗಿ ಉಪಸರ್ಗ. ‘ಕಂಫರ್ಟಬಲ್’ ನಿಲ್ಲುತ್ತದೆ. ‘ಅಂಕಲ್’ ಕೂಡ ಯು, ಎನ್ ಅಕ್ಷರಗಳಿಂದಲೇ ಶುರುವಾಗುತ್ತದೆ. ಅವನ್ನು ಮುಚ್ಚಿದರೆ ಉಳಿದದ್ದಕ್ಕೆ ಅರ್ಥವೇ ಇಲ್ಲ. ಅಲ್ಲಿ ಉಪಸರ್ಗವೂ ಇಲ್ಲ.

ಈಗ ಕೊನೆಯ ‘ಏಬಲ್’ ಮುಚ್ಚಿ. ಉಳಿಯುವುದು ‘ಕಂಫರ್ಟ್’, ಅಂದರೆ ನೆಮ್ಮದಿ. ಇದರ ಬೇರು ಲ್ಯಾಟಿನ್ನಿನ ‘ಫೋರ್ಟಿಸ್’, ಗಟ್ಟಿಯಾದದ್ದು. ಬಲ ತುಂಬುವುದು ಎಂಬ ಅರ್ಥ ಹೊತ್ತು ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದ ಪದ ಇದು. ಇದಕ್ಕೆ ಮೊದಲು ‘ಏಬಲ್’ ಸೇರಿ ವಿಶೇಷಣವಾಯಿತು, ಆಮೇಲೆ ಮುಂದೆ ‘ಅನ್’ ಬಂತು. ನಮ್ಮ ‘ಅಸಹನೀಯ’ ನೋಡಿ. ಮೊದಲು ‘ಸಹನೀಯ’, ಆಮೇಲೆ ‘ಅ’. ಅದೇ ಕ್ರಮ ಅಲ್ವಾ? ಸಂಸ್ಕೃತದ ಈ ‘ಅ’ ಮತ್ತು ಇಂಗ್ಲಿಷಿನ ‘ಅನ್’ ಒಂದೇ ಹಳೆಯ ಬೇರಿನಿಂದ ಚಿಗುರಿದವು. ‘ಅನುಚಿತ’ ಎನ್ನುವಾಗ ಆ ‘ನ್’ ಈಗಲೂ ಕೇಳಿಸುತ್ತದೆ. ನನಗಂತೂ ಇದು ತುಂಬಾ ಇಷ್ಟವಾದ ಸಂಗತಿ.

ಇನ್ನು ಉಚ್ಚಾರ. ಗದ್ದದ ಕೆಳಗೆ ಅಂಗೈ ಇಟ್ಟು ನಿಧಾನವಾಗಿ ಹೇಳಿ: ಅನ್-ಕಮ್-ಫರ್ಟ್-ಎ-ಬಲ್. ಗದ್ದ ಕೆಳಗಿಳಿದಷ್ಟು ಸಲ ಒಂದೊಂದು ತುಂಡು. ಇಲ್ಲಿ 5 ತುಂಡು. ಅರ್ಥದಲ್ಲಿ ಒಂದೇ ಆಗಿದ್ದ ‘ಏಬಲ್’ ಇಲ್ಲಿ ಎರಡಾಯಿತು. ಕನ್ನಡ ಲಿಪಿ ನಮ್ಮನ್ನು ದಾರಿ ತಪ್ಪಿಸುವುದೂ ಇಲ್ಲೇ. ನಾವು ‘ರ್ಟ’ ಎಂದು ಒಟ್ಟಿಗೆ ಬರೆಯುತ್ತೇವೆ, ಆದರೆ ಆ ‘ರ್’ ಹಿಂದಿನ ತುಂಡಿನದು. ಛಂದಸ್ಸಿನಲ್ಲಿ ಒತ್ತಕ್ಷರದ ಹಿಂದಿನ ಅಕ್ಷರಕ್ಕೆ ಗುರು ಹಾಕುತ್ತಿದ್ದೆವಲ್ಲ, ಕಾರಣ ಇದೇ.

ಮಾತಿನ ವೇಗದಲ್ಲಿ 5 ಸಾಮಾನ್ಯವಾಗಿ 4 ಆಗುತ್ತದೆ: ಅನ್-ಕಂಫ್-ಟ-ಬಲ್. ಒತ್ತು ‘ಕಂ’ ಮೇಲೆ. ‘ಅನ್’ ಸೇರಿದರೂ ಅದು ಜರುಗುವುದಿಲ್ಲ. ‘ಟ’ ಹ್ರಸ್ವ, ಎಳೆಯಬೇಡಿ. ಸಾಲಿನ ಕೊನೆಯಲ್ಲಿ ಪದ ಮುರಿಯಬೇಕಾದರೆ ‘ಏಬಲ್’ ಅನ್ನು ಒಡೆಯದೆ ಕೆಳಗಿಳಿಸಿ. ‘ಎ’ ಒಂದೇ ಒಂಟಿಯಾಗಿ ನಿಲ್ಲಬಾರದು.

ಹುಡುಗಿ ಗೆರೆ ಅಳಿಸಿ, ‘ಟಿ’ ಆದಮೇಲೆ ಹೊಸ ಗೆರೆ ಎಳೆದಳು. ಆಮೇಲೆ ತಾನೇ ‘ಅನ್‌ಬಿಲೀವಬಲ್’ ಬಿಡಿಸಲು ಕೂತಳು. “ಬಿಲೀವ್‌ನ ಕೊನೆಯ ‘ಇ’ ಎಲ್ಲಿ ಹೋಯ್ತು?”

“ಊರು, ಅಲ್ಲಿ. ಸೇರಿಸಿ ಹೇಳು.”

“ಊರಲ್ಲಿ... ಓ, ಲೋಪಸಂಧಿ!”