ಕುಣೀತಾ ವಯೊಲಿನ್ ನುಡಿಸಿ ವಿಡಿಯೋ ಮಾಡೋದು ಹೆಂಗೆ, ನಮ್ ಮಲ್ನಾಡಲ್ಲಿ

ಕುಣೀತಾ ವಯೊಲಿನ್ ನುಡಿಸೋ ಅಮೆರಿಕದ ಲಿಂಡ್ಸೆ ಸ್ಟರ್ಲಿಂಗ್ ವಿಡಿಯೋ ನೋಡಿ ನಂಗೂ ಹಂಗೆ ಮಾಡ್ಬೇಕು ಅನ್ನೋರು ಮೊದ್ಲು ಒಂದು ವಿಷ್ಯ ತಿಳ್ಕೊಳಿ. ಅವ್ರು 2010ರಲ್ಲಿ ಅಮೆರಿಕಾಸ್ ಗಾಟ್ ಟ್ಯಾಲೆಂಟ್ ಅನ್ನೋ ಟಿವಿ ಸ್ಪರ್ಧೇಲಿ ಕ್ವಾರ್ಟರ್ ಫೈನಲ್ ತನಕ ಹೋಗಿದ್ರು, ಅಲ್ಲಿ ಜಡ್ಜ್ ಒಬ್ರು ಹಾರಾಡ್ಕೊಂಡು ನುಡಿಸೋವಷ್ಟು ಕೈ ಪಳಗಿಲ್ಲ ಅಂತ ಮುಖಕ್ಕೇ ಹೇಳಿದ್ರು. ಮುಂದಿನ ವರ್ಷ ಡೆವಿನ್ ಗ್ರಹಾಂ ಅನ್ನೋ ವಿಡಿಯೋ ಮಾಡೋರ ಜೊತೆ ಸೇರಿದ್ರು, 2012ರಲ್ಲಿ ಕೊಲರಾಡೋದ ಐಸ್ ಕೋಟೆ ಒಳಗೆ ಶೂಟ್ ಮಾಡಿದ್ದು ಜಗತ್ತೆಲ್ಲಾ ಓಡ್ತು. ಆ ವಿಡಿಯೋಲಿ ಕೇಳೋ ಸೌಂಡ್ ಬೇರೆ ರೆಕಾರ್ಡ್ ಮಾಡಿದ್ದು, ಕುಣಿತ ಬೇರೆ. ನೀವೂ ಹಂಗೇ ಮಾಡಿ, ಅದ್ರಲ್ಲಿ ನಾಚ್ಕೊಳೋದೇನಿಲ್ಲ.

ನಮ್ ಕಡೆ ಸುಮಾರು ಜನ ಕಲ್ತಿರೋದು ಕರ್ನಾಟಕ ಸಂಗೀತ, ಚಾಪೆ ಮೇಲೆ ಕೂತು ವಯೊಲಿನ್ ತುದೀನ ಬಲಗಾಲಿನ ಮೇಲೆ ಊರಿ. ಎಡಗೈಗೆ ಭಾರ ಇಲ್ದಿರೋದ್ರಿಂದಾನೇ ಗಮಕಕ್ಕೆ, ಅಂದ್ರೆ ಸ್ವರ ಓಲಾಡ್ಸೋದಕ್ಕೆ, ಬೆರಳು ಸಲೀಸಾಗಿ ಜಾರತ್ತೆ. ಎದ್ದು ನಿಂತ ಕೂಡ್ಲೆ ಜಾರೋ ಕೈ ಜೊತೆ ವಯೊಲಿನ್ನೂ ಜಾರತ್ತೆ! ಹಂಗಾಗಿ ವಯೊಲಿನ್ ಕೆಳಗೆ ಭುಜದ ಮೇಲೆ ಕೂರೋ ಶೋಲ್ಡರ್ ರೆಸ್ಟ್ ಒಂದು ತಗೊಳಿ, ಗದ್ದ ಭುಜದಲ್ಲೇ ಹಿಡ್ಕೊಂಡು ಎಡಗೈ ಬಿಟ್ಟು ಅಂಗಳದಲ್ಲಿ ಓಡಾಡಿ. ಕತ್ತು ನೋವು ಬಂದ್ರೆ ಗಟ್ಟಿ ಒತ್ತಬೇಡಿ, ರೆಸ್ಟ್ ಎತ್ತರ ಬದಲಿಸಿ. ಸ-ಪ-ಸ-ಪ ಶ್ರುತಿ ಹಂಗೇ ಇರ್ಲಿ, ವೆಸ್ಟರ್ನ್ ಟ್ಯೂನಿಂಗೇ ಬೇಕು ಅಂತೇನಿಲ್ಲ.

ಹಾಡು ಕೈಗೆ ಕೂರೋ ತನಕ ಹೆಜ್ಜೆ ಸೇರಿಸ್ಬೇಡಿ, ಪಕ್ಕದಲ್ಲಿ ಯಾರೋ ಮಾತಾಡಿಸಿದ್ರೂ ತಪ್ಪದೆ ನುಡಿಸೋ ಹಂಗಾಗ್ಬೇಕು. ಆಮೇಲೆ ತಾಳಕ್ಕೆ ನಡೆಯೋದು, ಆಮೇಲೆ ತಿರುಗೋದು, ನೆಗೆತ ಎಲ್ಲಾ ಉದ್ದ ಸ್ವರದ ಮೇಲೆ ಅಥ್ವಾ ಬೋ (ಕಮಾನು) ಎತ್ತೋ ಜಾಗದಲ್ಲಿ ಇಡಿ, ವೇಗದ ಸ್ವರ ಬಂದಾಗ ಕಾಲು ನೆಲದ ಮೇಲೇ ಇರ್ಲಿ. ಡಬ್ಬಿಂಗ್ ತಾನೆ ಅಂತ ಶೂಟಲ್ಲಿ ಬೋ ಸುಮ್ನೆ ಆಡಿಸ್ಬೇಡಿ ಮಾರಾಯ್ರೆ, ವಯೊಲಿನ್ ಗೊತ್ತಿರೋರು ಎರಡು ಸೆಕೆಂಡಲ್ಲಿ ಹಿಡೀತಾರೆ.

ರೆಕಾರ್ಡಿಂಗ್‌ಗೆ ಸ್ಟುಡಿಯೋನೇ ಬೇಕಿಲ್ಲ, ಗೋಡೆಗೆ ಕಂಬಳಿ ನೇತಾಕಿದ ರೂಮಲ್ಲಿ ಒಂದು ಸುಮಾರಾದ ಮೈಕ್ ಸಾಕು, ಆದ್ರೆ ಶೀಟ್ ಮನೆಯಾದ್ರೆ ಮಳೆ ನಿಂತ ಮೇಲೇ.

ಮಳೆಗಾಲದ ತೇವಕ್ಕೆ ತಂತಿ ಬಿಗಿಯೋ ಬಿರಡೆ ಊದ್ಕೊಂಡು ತಿರುಗಲ್ಲ, ಬೋ ಕೂದ್ಲು ಸಡಿಲ ಆಗತ್ತೆ, ಅಂಟೂ ಬಿಡಬಹುದು. ಶೂಟಿಂಗ್‌ಗೆ ಒಳ್ಳೇ ವಯೊಲಿನ್ ತಗೊಂಡು ಹೋಗ್ಲೇಬೇಡಿ, ಸೌಂಡ್ ಹೆಂಗೂ ಬೇರೆ ಇದೆಯಲ್ಲ, ಹಳೇದೊಂದು ಸಾಕು.

ಜಾಗ ಅಂದ್ರೆ ಎಲ್ರೂ ಜೋಗ ಅಂತಾರೆ. ನೀರು ತುಂಬಿದಾಗ ಅಲ್ಲಿ ಸ್ಪೀಕರ್ ಕೇಳ್ಸಲ್ಲ, ರೆಕಾರ್ಡ್ ಮಾಡಿದ ಹಾಡನ್ನ ಇಯರ್‌ಫೋನಲ್ಲಿ ಹಾಕ್ಕೋಬೇಕು. ಕವಲೇದುರ್ಗ ಕೋಟೆ ಕಲ್ಲು ಮಳೇಲಿ ಪಾಚಿ ಕಟ್ಟಿರತ್ತೆ, ಕುಣಿಯೋಕೆ ಹೋದ್ರೆ ಸೊಂಟ ಹೋಗತ್ತೆ, ಇಂಬಳದ (ಜಿಗಣೆ) ಕಾಟ ಬೇರೆ. ಕಾಡು, ಕೋಟೆ ಅಂದ್ರೆ ಪರ್ಮಿಷನ್ ಮೊದ್ಲೇ ಕೇಳ್ಕೊಳಿ, ಡ್ರೋನ್‌ಗಂತೂ ಖಂಡಿತ. ನನ್ ಕೇಳಿದ್ರೆ ಅಡಿಕೆ ಒಣಗ್ಸೋ ಅಂಗಳನೇ ಬೆಸ್ಟ್, ಸಪಾಟು ನೆಲ, ಹಿಂದೆ ತೋಟ.

ಸಿನಿಮಾ ಹಾಡು ನುಡಿಸಿದ್ರೆ ಯೂಟ್ಯೂಬಲ್ಲಿ ಕಾಪಿರೈಟ್ ಕ್ಲೇಮ್ ಬಿದ್ದು ದುಡ್ಡು ಆಡಿಯೋ ಕಂಪನಿಗೆ ಹೋಗಬಹುದು. ಪುರಂದರದಾಸರ ಪದಕ್ಕೆ, ಹಳೇ ಮಟ್ಟಾದ್ರೆ, ಆ ತಾಪತ್ರಯ ಕಮ್ಮಿ, ಆದ್ರೆ ಹಿನ್ನೆಲೆ ಸಂಗೀತದ ಟ್ರ್ಯಾಕ್ ನೀವೇ ಮಾಡಿಸಿದ್ದಾಗಿರ್ಬೇಕು.